ಮರಕ್ಕೆ ಬದಲು ಮರ

ಕಡಿದುದಕ್ಕೆ ಪ್ರತಿಯಾಗಿ ನೆಟ್ಟರೆ ಕಡಿದ ದೋಷವು ಕಳೆಯುವುದೆ? ಮೇಲುನೋಟಕ್ಕೆ ಇದು ತೋಟಗಾರಿಕೆಯ ಪ್ರಶ್ನೆಯಾಗಿ ತೋರಿದರೂ ವಾಸ್ತವವಾಗಿ ಧರ್ಮವಿಚಾರಕ್ಕೆ ಸೇರಿದುದು. ಬೆಂಗಳೂರಿನಲ್ಲಿ ರಸ್ತೆಯನ್ನು ಅಗಲಿಸುವ ಪ್ರಸ್ತಾಪ ಹುಟ್ಟಿದಾಗಲೆಲ್ಲ, ಒಂದು ಮರ ಹೋದರೆ ಹತ್ತು ಸಸಿಗಳನ್ನು ಇಡಲಾಗುವುದೆಂಬ ಮಾತು ಅದರ ಬೆನ್ನಿಗೇ ಬರುವುದುಂಟು. ಕರ್ನಾಟಕದ 1976ರ ವೃಕ್ಷಸಂರಕ್ಷಣೆಯ ಕಾಯಿದೆಯೂ ಮರ ಕಡಿಯುವವನ ಮೇಲೆ ಸಸಿ ನೆಡುವ ಹೊಣೆಯನ್ನು ಹೊರಿಸಿದೆ. ವಿಧಿಯೇನೋ ಒಳ್ಳೆಯದೇ. ಆದರೆ ಒಳ್ಳೆಯ ವಿಧಿಯೊಂದು ಕೆಟ್ಟ ಸಮಾಧಾನಕ್ಕೆ ಎಡೆಗೊಡುವುದೂ ಲೋಕದಲ್ಲಿ ಕಾಣದ ಸಂಗತಿಯಲ್ಲ.

ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. 1898ರಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಇಕ್ಕಟ್ಟಾದ ಕೇರಿಗಳು ಹಾಳುಬಿದ್ದ ತರುವಾಯ, ಮಲ್ಲೇಶ್ವರ ಮತ್ತು ಬಸವನಗುಡಿಯ ಬಡಾವಣೆಗಳು ಜನದಿಂದ ತುಂಬಿದವು. ಗಾಳಿ ಬೆಳಕುಗಳೇ ಅಲ್ಲಿ ಮೊದಲ ಔಷಧ. ಅಡ್ಡರಸ್ತೆಗಳಿಗೆ ಅಂಕಿಗಳೇ ಸಾಕಾದವು; ಉದ್ದರಸ್ತೆಗಳಲ್ಲಿ ಎರಡು ಮಾತ್ರ ಮರಗಳ ಹೆಸರನ್ನು ಪಡೆದವು. ಒಂದು ಸಂಪಿಗೆ, ಮತ್ತೊಂದು ಮಾರ್ಗೋಸಾ. (ಎರಡನೆಯದು ಯುಗಾದಿಯ ಬೇವೇ ಎಂಬುದನ್ನರಿಯದೆ ಅದರ ಹೆಸರನ್ನು ನಿತ್ಯವೂ ಹೇಳುವವರು ಬಹುಮಂದಿ ಇದ್ದಾರೆ.) ಆ ಬೀದಿಗಳಲ್ಲಿ ಮರವೆಂಬುದು ಆಮೇಲೆ ತೊಡಿಸಿದ ಒಡವೆಯಲ್ಲ, ನಿವಾಸಿಗಳಿಗೆ ಬಡಾವಣೆಯು ಕೊಟ್ಟ ಭಾಷೆಯ ಒಂದು ಭಾಗ.

ಆ ನೆರಳು ಯಾರದು? ಬಂಗಲೆಯವನದೆಂದು ಕೆಲವರು ಆಕ್ಷೇಪಿಸುವುದುಂಟು. ಮರಗಳ ಪರವಾಗಿ ವಾದಿಸುವವರು ಉಳ್ಳವರು, ರಸ್ತೆ ಬೇಕಾದವರು ದುಡಿಯುವವರು ಎಂದು ಅವರ ತರ್ಕ. ಎಂಟನೆಯ ಅಡ್ಡರಸ್ತೆಯ ಬಳಿ ಮಧ್ಯಾಹ್ನದ ಹೊತ್ತು ಒಂದು ಗಳಿಗೆ ನಿಂತು ನೋಡಿದವರು ಈ ತರ್ಕವನ್ನು ಒಪ್ಪಲಾರರು. ಬಂಗಲೆಯವನಿಗೆ ಸೂರಿದೆ, ಮೋಟಾರಿನವನಿಗೆ ಅದರ ಮೇಲುಹೊದಿಕೆಯಿದೆ. ಹೂವನ್ನು ಮೊಳದ ಲೆಕ್ಕದಲ್ಲಿ ಅಳೆದು ಕೊಡುವವಳಿಗೂ, ಬಾಳೆಯೆಲೆ ಮಾರುವವನಿಗೂ, ಬಸ್ಸಿಗೆ ಕಾದಿರುವ ಮುದುಕನಿಗೂ ಮರದ ಹೊರತು ಬೇರೆ ಚಾವಣಿಯಿಲ್ಲ. ಬೆಂಗಳೂರಿನ ಬೀದಿಗಳಲ್ಲಿಯೇ ಅಳೆದು ನೋಡಿ 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ, ಮರಗಳುಳ್ಳ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆಯು 5.6 ಡಿಗ್ರಿ ಸೆಲ್ಸಿಯಸಿನವರೆಗೂ, ರಸ್ತೆಯ ಮೈಯ ಕಾವು 27.5 ಡಿಗ್ರಿಯವರೆಗೂ ಕಡಮೆಯಿದ್ದಿತು. ಬರಿಗಾಲಿನವನಿಗೆ ಈ ಎರಡನೆಯ ಅಂಕಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹತ್ತು ಸಸಿಗಳ ಲೆಕ್ಕಕ್ಕೆ ಬರಬಹುದು. ಊರ ಹೊರಗಣ ಬಯಲಿನಲ್ಲಿ ಹತ್ತಲ್ಲ, ನೂರು ಸಸಿಗಳು ಚಿಗುರಿದರೂ ಸಂಪಿಗೆ ರಸ್ತೆಯ ಹೂವಾಡಗಿತ್ತಿಯ ನೆತ್ತಿಯ ಬಿಸಿಲು ತಗ್ಗದು. ಅದೇ ತಾಣದಲ್ಲಿ ನೆಟ್ಟರೂ, ಬೀಜದಿಂದೆದ್ದ ಸಂಪಿಗೆಯು ಹೂ ಬಿಡಲು ಸಾಮಾನ್ಯವಾಗಿ ಎಂಟು ಹತ್ತು ವರ್ಷಗಳು ಬೇಕು. ಬೀದಿಗೆ ಕೊಡೆ ಹಿಡಿಯಲು ಇನ್ನೂ ಬಹುಕಾಲ ಬೇಕು. ಆ ನಡುವಣ ವರ್ಷಗಳನ್ನು ಬಿಸಿಲಿನಲ್ಲಿ ಕಳೆದವಳಿಗೆ ಅವನ್ನು ಹಿಂದಿರುಗಿಸುವವರು ಯಾರು? ಸಾಲವನ್ನು ಸಾಲಗಾರನು ಮತ್ತಾರಿಗೋ, ಮತ್ತೆಲ್ಲೋ, ಮತ್ತೆಂದೋ ಸಲ್ಲಿಸಿ ಋಣ ತೀರಿತೆಂದರೆ ಯಾವ ಪಂಚಾಯಿತಿಯೂ ಒಪ್ಪದು.

ಧರ್ಮಶಾಸ್ತ್ರಕಾರರು ಪ್ರಾಯಶ್ಚಿತ್ತವನ್ನು ಹೇಳಿದರು. ಅದರೊಡನೆ ಅನುತಾಪವನ್ನೂ ಹೇಳಿದರು. ನಾಳೆ ಪ್ರಾಯಶ್ಚಿತ್ತ ಮಾಡಿಕೊಳ್ಳುವೆನೆಂದು ಇಂದೇ ಲೆಕ್ಕ ಹಾಕಿ ತಪ್ಪಿಗೆ ಕೈಯಿಡುವವನು ಮಾಡುತ್ತಿರುವುದು ವ್ಯಾಪಾರ. ಅವನ ಕೈಯಲ್ಲಿ ಸಸಿಯೂ ಕೊಡಲಿಗೆ ಕಾವೇ ಆಗುತ್ತದೆ. 2011ರಲ್ಲಿ ಸ್ಯಾಂಕಿ ರಸ್ತೆಯ ಮರಗಳಿಗೆ ಕತ್ತರಿ ಬಿದ್ದಾಗ ಮಲ್ಲೇಶ್ವರದ ಸುತ್ತಲಿನ ನಿವಾಸಿಗಳು ಬೀದಿಗಿಳಿದು, ಉಚ್ಚ ನ್ಯಾಯಾಲಯದ ಬಾಗಿಲನ್ನೂ ತಟ್ಟಿದುದು ಈ ವ್ಯಾಪಾರವನ್ನು ಒಪ್ಪದುದರಿಂದಲೇ. ಹಾಗೆಂದು ವೃಕ್ಷಪ್ರೀತಿಯು ಮೂಢಭಕ್ತಿಯಾಗಬೇಕಿಲ್ಲ. ಬುಡ ಪೊಳ್ಳಾಗಿ ಮುಂಗಾರಿನ ಮೊದಲ ಗಾಳಿಗೆ ಜನರ ಮೇಲೆ ಬೀಳಲಿರುವ ಮರವನ್ನು ತೆಗೆಯುವುದೇ ಯುಕ್ತ. ಅಲ್ಲಿ ಯಾರೂ ಕಣ್ಣೀರಿಡುವ ಅಗತ್ಯವಿಲ್ಲ.

ಕೆರೆಗಳ ವಿಷಯದಲ್ಲಿ ಇನ್ನೊಂದು ವಾದವನ್ನು ಕೇಳುತ್ತೇವೆ. ಬೆಂಗಳೂರಿನ ಕೆರೆಗಳು ಪ್ರಕೃತಿಯವಲ್ಲ, ಮನುಷ್ಯರು ಕಟ್ಟಿದವು. ಕಟ್ಟಿದವರಿಗೆ ಮುಚ್ಚುವ ಅಧಿಕಾರವಿಲ್ಲವೆ ಎಂದು. ಕಟ್ಟಿದವರೇ ಮುಚ್ಚುವುದಾದರೆ ಈ ವಾದಕ್ಕೆ ಅಷ್ಟಿಷ್ಟು ಬಲವಿರುತ್ತಿತ್ತು. ಮಲ್ಲೇಶ್ವರದ ಮಗ್ಗುಲಿನ ಕೆರೆಯನ್ನು ಕರ್ನಲ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದುದು, ತಾನು ಕಂಡರಿಯದ ಜನಕ್ಕೂ ನೀರಾಗಲೆಂದು. ಅಂಥ ವಸ್ತುವು ಮಧ್ಯಕಾಲದ ಒಡೆಯನ ಬಳಿ ನ್ಯಾಸವಾಗಿ ಇಟ್ಟದ್ದು. ಕಾಯಬಹುದು, ಬಳಸಬಹುದು, ಕರಗಿಸುವಂತಿಲ್ಲ. ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ, ಕೊಟ್ಟುದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲೆಂದು ಕೊರೆದಿರುವುದು ಶತ್ರುವನ್ನು ಕುರಿತಲ್ಲ. ಆ ಶಾಪವು ಮುಂದೆ ಬರುವ ಸ್ವಂತ ಜನರನ್ನೇ ನೋಡುತ್ತಿದೆ.

ನ್ಯಾಸವನ್ನು ಮರೆತುದು ಹೇಗೆಂಬುದಕ್ಕೂ ಕಾರಣವುಂಟು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ನೂರು ಕಿಲೋಮೀಟರಿನಷ್ಟು ದೂರದ ಕಾವೇರಿಯಿಂದ. ನಲ್ಲಿ ತಿರುಗಿಸಿದರೆ ನೀರು ಬೀಳುವ ಮನೆಯಲ್ಲಿ ಕೆರೆಯ ಏರಿ, ತೂಬು, ಕೋಡಿಗಳ ಚಿಂತೆ ಯಾರಿಗೆ ಬಂದೀತು? ಧರ್ಮಾಂಬುಧಿ ಕೆರೆ ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಹಳ್ಳಿಯಿಂದ ಬಂದಿಳಿಯುವ ಬಡವನಿಗೆ ನಿಲ್ದಾಣವು ಉಪಕಾರಿಯೆಂಬುದು ನಿಜ. ಆದರೆ ಬಂದ ಲಾಭವು ಹೋದ ನಷ್ಟವನ್ನು ಇಲ್ಲವಾಗಿಸುವುದಿಲ್ಲ. ಮಳೆಯ ನೀರು ತನ್ನ ಹಳೆಯ ವಿಳಾಸವನ್ನು ಮರೆಯುವುದೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ಜನರು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಮನೆಯಿಂದ ಹೊರಬಂದರು.

ಹಾಗಾದರೆ ನೆಡುವುದು, ಕೆರೆಯನ್ನು ಮರಳಿ ಎಬ್ಬಿಸುವುದು ವ್ಯರ್ಥವೆ? ಎಂದಿಗೂ ಅಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮೇಲ್ವಿಚಾರಣೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿಗಳು ಬೇರೂರಿದವು. ಅವು ಯಾವ ಕೊಡಲಿಯ ಬೆಲೆಯಾಗಿಯೂ ಬಂದವಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯು ಕೊಳಚೆ ಸೇರಿ ಕೆಟ್ಟಿದ್ದುದನ್ನು 2010ರ ಆಸುಪಾಸಿನಲ್ಲಿ ನಿವಾಸಿಗಳೂ ಮಹಾನಗರಪಾಲಿಕೆಯೂ ಕೂಡಿ ತಿದ್ದಿದಾಗ, ಅದನ್ನು ತೋರಿಸಿ ಮತ್ತೊಂದು ಕೆರೆಯನ್ನು ಮುಚ್ಚುವ ಹಕ್ಕನ್ನು ಯಾರೂ ಕೇಳಲಿಲ್ಲ. ಸಂಪಿಗೆ ರಸ್ತೆಗೂ ಇದೇ ಕ್ರಮ ಸಲ್ಲುವುದು: ಹಳೆಯ ಮರಗಳ ನಡುವಣ ತೆರಪುಗಳಲ್ಲಿ ಎಳೆಯವನ್ನು ಈಗಲೇ ಇಟ್ಟು, ಬುಡಕ್ಕೆ ಸಿಮೆಂಟು ಬಳಿಯದೆ ಮಣ್ಣನ್ನು ಬಿಟ್ಟು, ಹಳೆಯದು ತಾನಾಗಿ ಮುಪ್ಪಾಗಿ ಬೀಳುವ ಹೊತ್ತಿಗೆ ಹೊಸದರ ನೆರಳು ಅದೇ ಹೂವಿನ ಬುಟ್ಟಿಗಳ ಮೇಲೆ ಚಾಚಿರುವಂತೆ ನೋಡಿಕೊಳ್ಳುವುದು.