ಪ್ರಮಾಣ ಮತ್ತು ರೆಕಾರ್ಡ್ ಪುಸ್ತಕ

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಹೋಮ್‌ವರ್ಕ್ ಎರಡು ಬಗೆಯದು. ಲೆಕ್ಕ ಬಿಡಿಸುವುದು, ಸಮೀಕರಣ ಸರಿದೂಗಿಸುವುದು ಒಂದು. ಪ್ರಯೋಗಕ್ಕೆ ಮೊದಲು ಓದಿಕೊಂಡು ಬರುವುದು, ಪ್ರಯೋಗವಾದ ಮೇಲೆ ರೆಕಾರ್ಡ್ ಬರೆಯುವುದು ಇನ್ನೊಂದು. ಮೊದಲನೆಯದರಲ್ಲಿ ತತ್ವಶಾಸ್ತ್ರಕ್ಕೆ ಹೆಚ್ಚು ಕೆಲಸವಿಲ್ಲ. ಉತ್ತರ ಸರಿ ಇರುತ್ತದೆ, ಇಲ್ಲವೇ ತಪ್ಪಿರುತ್ತದೆ. ಎರಡನೆಯದು ಹಾಗಲ್ಲ. ಕರ್ನಾಟಕದಲ್ಲಿ ಈ ವಿಷಯದ 100 ಅಂಕಗಳಲ್ಲಿ 70 ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕಕ್ಕೆ. ಆ 30 ಅಂಕಗಳ ಸುತ್ತ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ರಾತ್ರಿ ಕುಳಿತು ರೆಕಾರ್ಡ್ ಬರೆಯುವ ಮಕ್ಕಳ ಮುಂದೆ ಹಳೆಯ ಪ್ರಶ್ನೆಯೊಂದಿದೆ: ತಿಳಿದದ್ದು ಎಂದು ಬರೆಯುತ್ತಿರುವುದು ತಿಳಿದದ್ದು ಹೇಗೆ?

ರೆಕಾರ್ಡಿನ ಬಲಪುಟದಲ್ಲಿ ಗೆರೆಗಳಿರುತ್ತವೆ. ಅಲ್ಲಿ ಉದ್ದೇಶ, ತತ್ವ, ವಿಧಾನಗಳನ್ನು ಪೆನ್ನಿನಲ್ಲಿ ಬರೆಯಬೇಕು. ಎಡಪುಟ ಬಿಳಿ ಹಾಳೆ. ಅಲ್ಲಿ ಚಿತ್ರ, ಕೋಷ್ಟಕ, ರೀಡಿಂಗು ಎಲ್ಲ ಪೆನ್ಸಿಲ್ಲಿನಲ್ಲಿ. ಪುಸ್ತಕದಿಂದ ಬಂದದ್ದು ಅಳಿಸಲಾಗದ ಮಸಿಯಲ್ಲಿ, ಕಣ್ಣಿನಿಂದ ಬಂದದ್ದು ಅಳಿಸಬಹುದಾದ ಸೀಸದಲ್ಲಿ! ಈ ಪದ್ಧತಿಯನ್ನು ಯಾರೂ ತಾತ್ವಿಕ ಕಾರಣಕ್ಕೆ ಮಾಡಿದ್ದಲ್ಲ, ಆದರೂ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಪ್ರಯೋಗದ ಹಿಂದಿನ ರಾತ್ರಿಯೇ ಸೀನಿಯರ್‌ಗಳ ರೆಕಾರ್ಡ್ ನೋಡಿ ಎಡಪುಟವನ್ನೂ ತುಂಬಿಸಿಬಿಡುವ ರೂಢಿ ಎಷ್ಟೋ ಕಡೆ ಇದೆ. ನಾಳೆ ಕಾಣಬೇಕಾದದ್ದು ಇಂದೇ ‘ಆಬ್ಸರ್ವೇಷನ್’ ಕಾಲಂನಲ್ಲಿ ಕುಳಿತಿರುತ್ತದೆ.

ಕನ್ನಡದಲ್ಲಿ ‘ಪ್ರಮಾಣ’ ಎಂಬ ಒಂದೇ ಮಾತು ಅಳತೆಗೂ ಆಣೆಗೂ ಸಲ್ಲುತ್ತದೆ. ದರ್ಶನಶಾಸ್ತ್ರದಲ್ಲಿ ಅದು ತಿಳಿವಳಿಕೆಯ ಸಾಧನ. ಲ್ಯಾಬಿನಲ್ಲಿ ಸಾರತೆ ಗೊತ್ತಿರುವ ದ್ರಾವಣ ಪ್ರಮಾಣಿತ ದ್ರಾವಣ. ರೆಕಾರ್ಡಿನ ಮೊದಲ ಹಾಳೆ ಪ್ರಮಾಣಪತ್ರ. ಈ ಅರ್ಥಗಳೆಲ್ಲ ಒಂದೇ ಬೆಂಚಿನ ಮೇಲೆ ಕೂಡುವ ಜಾಗ ರಸಾಯನಶಾಸ್ತ್ರದ ಲ್ಯಾಬ್ ಬಿಟ್ಟರೆ ಬೇರೆಡೆ ಅಪರೂಪ.

ನ್ಯಾಯದರ್ಶನದವರಾದ ನೈಯಾಯಿಕರು ಪ್ರತ್ಯಕ್ಷ (ಕಾಣುವುದು), ಅನುಮಾನ (ಗುರುತಿನಿಂದ ಊಹಿಸುವುದು), ಉಪಮಾನ (ಹೋಲಿಕೆ), ಶಬ್ದ (ಬಲ್ಲವರ ಮಾತು) ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಮಧ್ವರ ಪರಂಪರೆ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರಕ್ಕೆ ನಿಲ್ಲುತ್ತದೆ; ಮಳಖೇಡದ ಜಯತೀರ್ಥರು 14ನೇ ಶತಮಾನದಲ್ಲಿ ‘ಪ್ರಮಾಣಪದ್ಧತಿ’ಯಲ್ಲಿ ಇದನ್ನು ಅಚ್ಚುಕಟ್ಟಾಗಿ ವಿವರಿಸಿದ್ದಾರೆ. ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ ಸಾಕು. ವಿಜ್ಞಾನವೆಂದರೆ ಚಾರ್ವಾಕರ ದಾರಿ, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವುದು ಎಂದು ಪಿಯು ತರಗತಿಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಪಿಯು ವಿದ್ಯಾರ್ಥಿಗೆ ಗೊತ್ತಿರುವ ರಸಾಯನಶಾಸ್ತ್ರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಶಬ್ದಪ್ರಮಾಣವೇ. ಪರ್ಮ್ಯಾಂಗನೇಟ್ ಅಯಾನಿನೊಳಗೆ ಮ್ಯಾಂಗನೀಸ್ ಒಂದು, ಆಮ್ಲಜನಕ ನಾಲ್ಕು ಎಂಬುದನ್ನು ಯಾವ ಕಾಲೇಜಿನ ಬೆಂಚಿನ ಮೇಲೂ ಯಾರೂ ಕಂಡಿಲ್ಲ. ಬಲ್ಲವರು ಹೇಳಿದ್ದಾರೆ, ಪುಸ್ತಕ ಒಪ್ಪಿಸಿದೆ. ಶಬ್ದ ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು, ಅಂದರೆ ವಿಷಯ ಬಲ್ಲವನಾಗಿರಬೇಕು ಮತ್ತು ಬಲ್ಲದ್ದನ್ನು ಇದ್ದಂತೆ ಹೇಳುವವನಾಗಿರಬೇಕು. ಒಳ್ಳೆಯ ಪಠ್ಯಪುಸ್ತಕ ಈ ಎರಡೂ ಷರತ್ತನ್ನು ಬಹುಮಟ್ಟಿಗೆ ಪೂರೈಸುತ್ತದೆ.

ಆದ್ದರಿಂದ ನೋಡಿ ಬರೆಯುವುದರ ದೋಷ ಪರರ ಮಾತನ್ನು ನಂಬಿದ್ದರಲ್ಲಿಲ್ಲ. ಕೇಳಿದ್ದನ್ನು ಕಂಡದ್ದು ಎಂದು ಬರೆದದ್ದರಲ್ಲಿದೆ. ಸಂಖ್ಯೆ ಸರಿಯಿರಬಹುದು, ಸಂಖ್ಯೆ ಬಂದ ದಾರಿಯ ಬಗ್ಗೆ ಹೇಳಿದ್ದು ಸುಳ್ಳು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಪಿಯು ವಿಜ್ಞಾನದ ರೆಕಾರ್ಡ್ ಬಹುತೇಕ ಇಂಗ್ಲಿಷಿನಲ್ಲಿರುವುದರಿಂದ ಅವರು ನಕಲು ಮಾಡುವಾಗ ಅರ್ಧ ರಸಾಯನಶಾಸ್ತ್ರ, ಅರ್ಧ ಭಾಷೆ ಕಲಿಯುತ್ತಿರುತ್ತಾರೆ. ಬಲಪುಟದ ನಕಲು ಈ ಕಾರಣಕ್ಕೆ ಕ್ಷಮ್ಯ. ಎಡಪುಟಕ್ಕೆ ಆ ನೆಪ ಸಲ್ಲದು, ಅಂಕಿಗಳಿಗೆ ಇಂಗ್ಲಿಷಿಲ್ಲ.

ಹಾಗಾದರೆ ಏನೂ ಓದದೆ, ಬರಿಗಣ್ಣಿನಲ್ಲಿ ಲ್ಯಾಬಿಗೆ ಹೋದರೆ ಶುದ್ಧ ಪ್ರತ್ಯಕ್ಷ ಸಿಗುತ್ತದೆಯೇ? ಆಕ್ಸಾಲಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಟೈಟ್ರೇಷನ್ ಇದಕ್ಕೆ ಉತ್ತರ ಕೊಡುತ್ತದೆ. ಪಿಪೆಟ್ಟಿನಲ್ಲಿ 10 ಮಿ.ಲೀ. ಆಕ್ಸಾಲಿಕ್ ಆಮ್ಲ ತೆಗೆದು, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಬೆರೆಸಿ, 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬ್ಯುರೆಟ್ಟಿನಿಂದ ನೇರಳೆ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಬಣ್ಣ ಮಾಯವಾಗುತ್ತ ಹೋಗುತ್ತದೆ. ಕೊನೆಗೊಂದು ಹನಿಗೆ ತಿಳಿಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ಉಳಿದರೆ ಅದೇ ಅಂತ್ಯಬಿಂದು. ಬೇರೆ ಸೂಚಕ ಬೇಕಿಲ್ಲ. ಆದರೆ ಫ್ಲಾಸ್ಕ್ ಸಾಕಷ್ಟು ಕಾಯದಿದ್ದರೆ ಮೊದಲ ಹನಿಯ ಗುಲಾಬಿಯೇ ಸಾಕಷ್ಟು ಹೊತ್ತು ನಿಂತುಬಿಡುತ್ತದೆ. ಕ್ರಿಯೆ ಆರಂಭದಲ್ಲಿ ನಿಧಾನ. ಅದರಿಂದಲೇ ಹುಟ್ಟುವ ಮ್ಯಾಂಗನಸ್ ಅಯಾನು ಕ್ರಿಯಾವರ್ಧಕವಾಗಿ ಒದಗಿದ ಮೇಲೆಯೇ ವೇಗ ಬರುವುದು. ಇದನ್ನು ಓದಿಕೊಳ್ಳದೆ ಬಂದವನು ಮೊದಲ ಹನಿಗೇ ಮುಗಿಯಿತೆಂದು ರೀಡಿಂಗ್ ಬರೆದುಕೊಳ್ಳುತ್ತಾನೆ. ಅವನ ಕಣ್ಣು ತಪ್ಪು ಹೇಳಿಲ್ಲ, ಗುಲಾಬಿ ಇದ್ದದ್ದು ನಿಜ. ಅದನ್ನು ಅಂತ್ಯಬಿಂದು ಎಂದು ಗುರುತಿಸಿದ್ದು ತಪ್ಪು.

ನೈಯಾಯಿಕರು ಪ್ರತ್ಯಕ್ಷವನ್ನು ಎರಡಾಗಿ ಒಡೆಯುತ್ತಾರೆ. ಹೆಸರು, ಗುಣ, ಜಾತಿ ಯಾವುದೂ ಕೂಡದ ಬರಿಯ ಕಾಣ್ಕೆ ನಿರ್ವಿಕಲ್ಪಕ. ಇದು ಇಂಥದ್ದು ಎಂದು ಗುರುತಿಸಿ ಕಾಣುವುದು ಸವಿಕಲ್ಪಕ. ಮಧ್ವರ ಪರಂಪರೆಯ ದ್ವೈತಿಗಳು ಮೊದಲನೆಯದನ್ನು ಒಪ್ಪುವುದೇ ಇಲ್ಲ. ಅವರ ಪ್ರಕಾರ ಕಾಣುವುದೆಂದರೆ ವಿಶೇಷಣಗಳೊಡನೆಯೇ ಕಾಣುವುದು. ಲ್ಯಾಬಿನ ಅನುಭವ ದ್ವೈತಿಗಳ ಕಡೆಗೆ ವಾಲುತ್ತದೆ ಎನ್ನಬೇಕು. ಪಶ್ಚಿಮದಲ್ಲಿ ಎನ್. ಆರ್. ಹ್ಯಾನ್ಸನ್ 1958ರಲ್ಲಿ, ವೀಕ್ಷಣೆಯೊಳಗೇ ಸಿದ್ಧಾಂತ ಬೆರೆತಿರುತ್ತದೆ ಎಂದು ವಾದಿಸಿದರು. ಅದೇ ವರ್ಷ, ಸ್ವತಃ ರಸಾಯನವಿಜ್ಞಾನಿಯಾಗಿದ್ದ ಮೈಕೇಲ್ ಪೊಲಾನಿ, ನುರಿತ ಕೈಗೆ ತಿಳಿದಿರುವುದರಲ್ಲಿ ಬಹುಪಾಲು ಬಾಯಲ್ಲಿ ಹೇಳಲಾಗದ್ದು ಎಂದು ಬರೆದರು. ಬ್ಯುರೆಟ್ಟಿನ ಕೊಳಾಯಿಯನ್ನು ಎಡಗೈಯಲ್ಲಿ ಎಷ್ಟು ತಿರುಗಿಸಿದರೆ ಅರ್ಧ ಹನಿ ಬೀಳುತ್ತದೆ ಎಂಬುದನ್ನು ಯಾವ ರೆಕಾರ್ಡಿನ ಬಲಪುಟವೂ ಕಲಿಸಿಲ್ಲ.

ಅಂದರೆ ಓದಿಕೊಂಡು ಬರುವುದು ಪ್ರತ್ಯಕ್ಷಕ್ಕೆ ಬೇಕೇಬೇಕು. ತೊಡಕು ಇರುವುದೂ ಇಲ್ಲೇ: ಕಾಣಲು ಕಲಿಸುವ ಅದೇ ಓದು, ಕಾಣುವ ಮೊದಲೇ ಕಂಡಂತೆ ಮಾಡಿಬಿಡಬಲ್ಲದು. ಆಕ್ಸಾಲಿಕ್ ಆಮ್ಲ 0.05 ಮೋಲಾರ್, ಪರ್ಮ್ಯಾಂಗನೇಟ್ 0.02 ಮೋಲಾರ್ ಇದ್ದರೆ, ಎರಡು ಪರ್ಮ್ಯಾಂಗನೇಟಿಗೆ ಐದು ಆಕ್ಸಲೇಟ್ ಎಂಬ ಲೆಕ್ಕದಲ್ಲಿ 10 ಮಿ.ಲೀ.ಗೆ ಸರಿಯಾಗಿ 10 ಮಿ.ಲೀ. ಹಿಡಿಯಬೇಕು. ಇದು ಗೊತ್ತಿದ್ದವನ ಕೈ 9.6ಕ್ಕೆ ಬಣ್ಣ ನಿಂತರೂ ಇನ್ನೆರಡು ಹನಿ ಬಿಡಲು ತವಕಿಸುತ್ತದೆ. ಬ್ಯುರೆಟ್ಟಿನ ಅತಿ ಸಣ್ಣ ಗೆರೆ 0.1 ಮಿ.ಲೀ.; ಒಂದು ಹನಿ ಸುಮಾರು 0.05 ಮಿ.ಲೀ. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ದ್ರವದ ಬಾಗಿನ ತಳ ಕಾಣುವುದಿಲ್ಲ, ಮೇಲಂಚನ್ನೇ ಓದಬೇಕು. ಇಷ್ಟು ಇಕ್ಕಟ್ಟಿನಲ್ಲಿ ನಿಜವಾದ ಕೈ ಸ್ವಲ್ಪ ಅತ್ತಿತ್ತ ಆಗಿಯೇ ಆಗುತ್ತದೆ. 10.0, 10.0, 10.0 ಎಂದು ಸಾಲಾಗಿ ಬರೆದ ಕೋಷ್ಟಕ ಕೌಶಲಕ್ಕಿಂತ ಹೆಚ್ಚಾಗಿ ಪೆನ್ಸಿಲ್ಲಿನ ಕೆಲಸವನ್ನೇ ತೋರಿಸುತ್ತದೆ. ಅನುಭವಸ್ಥ ಉಪನ್ಯಾಸಕರಿಗೆ ಅದನ್ನು ಹಿಡಿಯಲು ಲೆಕ್ಕ ಬೇಕಾಗಿಲ್ಲ. ಸರಿಯುತ್ತರಕ್ಕೆ ಎಷ್ಟು ಹತ್ತಿರವೋ ಅಷ್ಟು ಅಂಕ ಎಂದು ನಿಯಮ ಮಾಡಿ, ಆಮೇಲೆ ಮಕ್ಕಳು ಸರಿಯುತ್ತರದಿಂದ ಹಿಂದಕ್ಕೆ ಲೆಕ್ಕ ಮಾಡುತ್ತಾರೆಂದು ಬೈಯುವುದೂ ಅಷ್ಟೇನೂ ನ್ಯಾಯವಲ್ಲ.

ಲವಣ ವಿಶ್ಲೇಷಣೆ, ಮಕ್ಕಳ ಬಾಯಲ್ಲಿ ಸಾಲ್ಟ್ ಅನಾಲಿಸಿಸ್, ಅನುಮಾನದ ಕ್ಷೇತ್ರ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ಪ್ರನಾಳದಲ್ಲಿ ಕಂದು ಉಂಗುರ ಕಂಡು ನೈಟ್ರೇಟನ್ನು ಊಹಿಸಬೇಕು. ಹೊಗೆಗೂ ಬೆಂಕಿಗೂ ಇರುವ ತಪ್ಪದ ಸಂಬಂಧ ವ್ಯಾಪ್ತಿ. ಅದನ್ನು ತಿರುವಿ ‘ಬೆಂಕಿ ಇದ್ದಲ್ಲೆಲ್ಲ ಹೊಗೆ’ ಎಂದರೆ ಕೆಡುತ್ತದೆ, ಏಕೆಂದರೆ ಹಸಿ ಸೌದೆ ಎಂಬ ಉಪಾಧಿ ನಡುವೆ ನುಸುಳಿರುತ್ತದೆ. ರಸಾಯನಶಾಸ್ತ್ರದಲ್ಲಿ ಇಂಥ ಉಪಾಧಿಗಳು ಹೆಜ್ಜೆಹೆಜ್ಜೆಗೂ ಇವೆ. ಕಂದು ಉಂಗುರವನ್ನು ನೈಟ್ರೈಟೂ ಕೊಡುತ್ತದೆ. ಜ್ವಾಲೆಯಲ್ಲಿ ಸೋಡಿಯಮ್ಮಿನ ಹಳದಿ ಪೊಟ್ಯಾಸಿಯಮ್ಮಿನ ನಸುನೇರಳೆಯನ್ನು ಮುಚ್ಚಿಹಾಕುತ್ತದೆ, ಅದಕ್ಕೇ ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡುವುದು.

ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಈ ಭಾಗದ್ದೇ ಎನ್ನಬಹುದಾದ ತೊಡಕು ನೀರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಬಯಲುಸೀಮೆ ಇದು. ಅರ್ಕಾವತಿ ಸೊರಗಿ ಬಹಳ ಕಾಲವಾಯಿತು. ಕಾಲೇಜಿನ ನಲ್ಲಿಯಲ್ಲಿ ಬರುವುದು ಸಾಮಾನ್ಯವಾಗಿ ಆಳದ ಕೊಳವೆಬಾವಿಯ ಗಡಸು ನೀರು, ಕ್ಲೋರೈಡ್ ಸಲ್ಫೇಟ್‌ಗಳು ಕರಗಿರುವ ನೀರು. ಆ ನೀರಿನಲ್ಲೇ ಪ್ರನಾಳ ತೊಳೆದು, ಅದೇ ನೀರಿನಲ್ಲಿ ಲವಣ ಕರಗಿಸಿ ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಪ್ರಕ್ಷೇಪ ಬಂದೇ ಬರುತ್ತದೆ. ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ ಅದು ಕರಗಲೂ ಕರಗುತ್ತದೆ. ಕ್ಲೋರೈಡ್ ಖಚಿತ! ಆದರೆ ಅದು ಲವಣದ್ದಲ್ಲ, ಊರಿನ ನೆಲದ್ದು. ಕಣ್ಣಿನಲ್ಲಿ ದೋಷವಿಲ್ಲ, ವ್ಯಾಪ್ತಿಯಲ್ಲಿ ದೋಷವಿಲ್ಲ, ಆದರೂ ತೀರ್ಮಾನ ತಪ್ಪು: ಹೇತು, ಅಂದರೆ ಊಹೆಗೆ ಆಧಾರವಾದ ಗುರುತು, ಬೇರೆ ಪಕ್ಷಕ್ಕೆ, ಅಂದರೆ ಬೇರೆ ವಸ್ತುವಿಗೆ ಸೇರಿದ್ದು. ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕೆಂಬ, ಲವಣವಿಲ್ಲದೆ ಬರಿಯ ನೀರನ್ನೂ ಒಮ್ಮೆ ಪರೀಕ್ಷಿಸಿ ನೋಡಬೇಕೆಂಬ ಸಲಹೆಯ ಹಿಂದೆ ಇರುವುದು ಈ ತರ್ಕ. ಹೋಮ್‌ವರ್ಕಿನಲ್ಲಿ ಬರೆಸಬೇಕಾದದ್ದು ಇದು. ಬರೆಸುವುದು ಮಾತ್ರ ಕಡಿಮೆ.

ಇನ್ನು ಎಲ್ಲಕ್ಕಿಂತ ಬಿಕ್ಕಟ್ಟಿನ ಪ್ರಶ್ನೆ: ಪ್ರಮಾಣಕ್ಕೆ ಪ್ರಮಾಣ ಯಾವುದು? ಪರ್ಮ್ಯಾಂಗನೇಟಿನ ಮಾತನ್ನು ಅದೊಂದನ್ನೇ ನೆಚ್ಚಿ ನಂಬಲಾಗದು. ಬೆಳಕಿಗೆ ಅದು ಕೆಡುತ್ತದೆ, ಅದರೊಳಗೆ ಮ್ಯಾಂಗನೀಸ್ ಡೈಆಕ್ಸೈಡಿನ ಕಲಬೆರಕೆ ಇರುತ್ತದೆ. ತೂಗಿ ಕರಗಿಸಿದ ಮಾತ್ರಕ್ಕೆ ಸಾರತೆ ಇಷ್ಟೇ ಎನ್ನುವಂತಿಲ್ಲ. ಆಕ್ಸಾಲಿಕ್ ಆಮ್ಲದ ಸ್ಫಟಿಕ ಹಾಗಲ್ಲ. 1.575 ಗ್ರಾಂ ತೂಗಿ 250 ಮಿ.ಲೀ.ಗೆ ತುಂಬಿದರೆ 0.05 ಮೋಲಾರ್, ಅದನ್ನು ಪ್ರಾಥಮಿಕ ಪ್ರಮಾಣವೆಂದು ಒಪ್ಪಿ ಪರ್ಮ್ಯಾಂಗನೇಟನ್ನು ಅದರ ಮುಂದೆ ನಿಲ್ಲಿಸಿ ಪರೀಕ್ಷಿಸುತ್ತಾರೆ. ಆಕ್ಸಾಲಿಕ್ ಆಮ್ಲಕ್ಕೆ ಸಾಕ್ಷಿ ಯಾರು? ಸ್ಫಟಿಕದ ನೀರು ಆರಿಹೋಗಿದ್ದರೆ? ಶೀಶೆಯ ಚೀಟಿ, ತಕ್ಕಡಿ. ತಕ್ಕಡಿಗೆ ತೂಕದ ಬಟ್ಟು. ಬಟ್ಟಿಗೆ ಇನ್ನೊಂದು ಬಟ್ಟು. ದಾರ್ಶನಿಕರು ಇದನ್ನು ಅನವಸ್ಥೆ ಎನ್ನುತ್ತಾರೆ. ಕಾಲೂರಲು ಎಲ್ಲೂ ನೆಲ ಸಿಗದ ಸ್ಥಿತಿ.

ಇದಕ್ಕೆ ಪರಿಹಾರ ಮೂರು ತೆರನಾಗಿದೆ. ಜ್ಞಾನದ ಪ್ರಾಮಾಣ್ಯ, ಅಂದರೆ ಅದು ಸರಿ ಎಂಬುದು, ಹೊರಗಿನಿಂದ ತಿಳಿಯುತ್ತದೆ ಎನ್ನುವವರು ನೈಯಾಯಿಕರು: ನಂಬಿ ನಡೆದಾಗ ಕೆಲಸ ಕೈಗೂಡಿದರೆ ಆ ಜ್ಞಾನ ಸರಿ, ಮತ್ತೆ ಮತ್ತೆ ಶಂಕಿಸಲು ಕಾರಣ ಇಲ್ಲದಿದ್ದರೆ ಶಂಕೆ ನಿಲ್ಲಬೇಕು. ಮೀಮಾಂಸಕರು ಜ್ಞಾನ ತನ್ನಷ್ಟಕ್ಕೇ ಪ್ರಮಾಣ, ದೋಷ ಕಂಡಾಗ ಮಾತ್ರ ಅಪ್ರಮಾಣ ಎನ್ನುತ್ತಾರೆ. ಮಧ್ವರ ಮತದಲ್ಲಿ ಪ್ರಾಮಾಣ್ಯವನ್ನು ಹಿಡಿಯುವುದು ಸಾಕ್ಷಿ, ಅರಿಯುವ ಜೀವದ ಒಳಗಣ್ಣು. ಸಂದೇಹ ಬಂದಾಗ ಅದು ಪರೀಕ್ಷೆಯ ನೆರವು ಪಡೆಯುತ್ತದೆ, ಆದರೆ ಪರೀಕ್ಷೆ ಸಾಕು ಎಂದು ಮುದ್ರೆ ಒತ್ತುವುದೂ ಸಾಕ್ಷಿಯೇ. ಟೈಟ್ರೇಷನ್ನಿನಲ್ಲಿ ಒಂದಕ್ಕೊಂದು ಹೊಂದುವ ರೀಡಿಂಗ್ ಬರುವವರೆಗೆ ಮಾಡಬೇಕೆಂಬ ನಿಯಮ ಹೊರನೋಟಕ್ಕೆ ನ್ಯಾಯದರ್ಶನದ್ದು. ಎರಡು ಸಲ ಹೊಂದಿದರೆ ಸಾಕು, ಇಪ್ಪತ್ತು ಸಲ ಬೇಡ ಎಂದು ನಿಲ್ಲಿಸುವುದು ಯಾವ ಉಪಕರಣದ ತೀರ್ಪೂ ಅಲ್ಲ. ಅಲ್ಲಿ ಮಧ್ವರ ಮಾತಿಗೆ ತೂಕ ಬರುತ್ತದೆ.

ಪರೀಕ್ಷೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದಕ್ಕೆ ನೆಲಮಂಗಲ ತಾಲ್ಲೂಕಿನ ಶಿವಗಂಗೆ ಒಳ್ಳೆಯ ನಿದರ್ಶನ. ಅಲ್ಲಿನ ಗಂಗಾಧರೇಶ್ವರ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ಪ್ರಸಿದ್ಧ ನಂಬಿಕೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಇದು ಸಹಜವಾದ ಹೋಮ್‌ವರ್ಕ್. ಬೆಣ್ಣೆಯಲ್ಲಿ ಸುಮಾರು ಶೇಕಡ 16ರಷ್ಟು ನೀರಿರುತ್ತದೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಿರ್ಜಲ ತಾಮ್ರದ ಸಲ್ಫೇಟ್ ನೀರು ತಾಗಿದರೆ ಬಿಳುಪಿನಿಂದ ನೀಲಿಗೆ ತಿರುಗುತ್ತದೆ. ಆದರೆ ಅಭಿಷೇಕದ ನೀರು ತುಪ್ಪಕ್ಕೆ ತಾಗಿದ್ದರೂ ನೀಲಿ ಬರುತ್ತದೆ. ನೀಲಿ ಹೇಳುವುದು ನೀರಿದೆ ಎಂದಷ್ಟೇ, ಬೆಣ್ಣೆ ಎಂದಲ್ಲ. ಕೊಳವೆಬಾವಿಯ ಕ್ಲೋರೈಡಿನ ಕತೆಯೇ ಮತ್ತೆ. ಬೆಳ್ಳಗೆ ಮೆತ್ತಗೆ ಕಂಡದ್ದರಿಂದ ಬೆಣ್ಣೆ ಎನ್ನುವವನಿಗೂ, ನೀಲಿ ಬಣ್ಣ ತೋರಿಸಿ ತೀರ್ಪು ಕೊಡುವವನಿಗೂ ಅನುಮಾನದ ನಿಯಮ ಒಂದೇ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಅದರ ಹೆಸರಿನಲ್ಲೇ ‘ಪರೀಕ್ಷಿಸಬಹುದಾದ’ ಎಂಬ ವಿಶೇಷಣ ಇತ್ತು. ಭೌತಶಾಸ್ತ್ರದ ಮೇಷ್ಟ್ರು ಆರಿಸಿದ ಮಾತು ಅದು. ಪ್ರಸಾದದಲ್ಲಿ ನೀರೆಷ್ಟು ಎಂಬುದು ಆ ವಿಶೇಷಣದ ಒಳಗೆ ಬರುತ್ತದೆ. ಬೆಟ್ಟ ಹತ್ತಿ ಬಂದವರು ಅದನ್ನು ಕಣ್ಣಿಗೊತ್ತಿಕೊಳ್ಳುವುದು ಏಕೆ ಎಂಬುದು ಬರುವುದಿಲ್ಲ.

ಕೊನೆಗೆ ಉಳಿಯುವುದು ಪ್ರಮಾಣಪತ್ರ. ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ರೆಕಾರ್ಡ್ ತೆರೆದಾಗ ಮೊದಲು ಕಾಣುವ ಹಾಳೆ ಅದು: ಈ ವಿದ್ಯಾರ್ಥಿ ಈ ವರ್ಷದ ಪ್ರಯೋಗಗಳನ್ನು ತೃಪ್ತಿಕರವಾಗಿ ಪೂರೈಸಿದ್ದಾನೆ ಎಂಬ ಒಕ್ಕಣೆ, ಕೆಳಗೆ ಉಪನ್ಯಾಸಕರ ಸಹಿ. ಪರೀಕ್ಷಕರ ಪಾಲಿಗೆ ಇಡೀ ಪುಸ್ತಕ ಶಬ್ದಪ್ರಮಾಣವಾಗಿ ಬಿಡುತ್ತದೆ, ಆಪ್ತರಾಗಿರುವ ಹೊಣೆ ಸಹಿ ಹಾಕಿದವರದು. ಅವರು ಬಲ್ಲವರು ಎಂಬುದರಲ್ಲಿ ಸಂಶಯವಿಲ್ಲ. ಒಂದೇ ಬ್ಯಾಚಿನಲ್ಲಿ ಸಾಲಾಗಿ ನಿಂತ ಬ್ಯುರೆಟ್ಟುಗಳನ್ನೆಲ್ಲ ಒಬ್ಬರೇ ನೋಡಬೇಕಾದಾಗ, ಕಂಡದ್ದನ್ನೇ ಹೇಳುತ್ತಿದ್ದೇವೆಯೇ ಎಂಬ ಎರಡನೆಯ ಷರತ್ತು ಅವರಿಗೂ ಕಷ್ಟದ್ದು. ಸಹಿ ಮಾತ್ರ ಪೆನ್ನಿನದು. ಕೆಲವರು ಈ ಕಷ್ಟಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ: ರೀಡಿಂಗನ್ನು ಲ್ಯಾಬಿನಲ್ಲೇ ಒಂದು ಒರಟು ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಸಿ, ಬ್ಯುರೆಟ್ ಖಾಲಿ ಮಾಡುವ ಮೊದಲೇ ಅದಕ್ಕೆ ಕಿರುಸಹಿ ಹಾಕಿಬಿಡುತ್ತಾರೆ. ಅಲ್ಲಿ 9.6 ಎಂದಿದ್ದರೆ ಎಡಪುಟದಲ್ಲೂ 9.6 ಎಂದೇ ಇರಬೇಕು.