ಒಂದೇ ಒಲೆ, ಬೇರೆ ಬೇರೆ ಮೈಕಟ್ಟು

ಒಂದೇ ತಾಯಿಯ ಮಕ್ಕಳು, ಒಂದೇ ಒಲೆಯ ರೊಟ್ಟಿ. ಆದರೂ ಒಬ್ಬರ ಮೈ ತುಂಬಿ ಬೆಳೆಯುತ್ತದೆ, ಇನ್ನೊಬ್ಬರದು ಸಣಕಲಾಗಿಯೇ ಉಳಿಯುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಶ್ರಾವಕರ ಮನೆಗಳಲ್ಲಿ ಇದು ಅಪರೂಪದ ನೋಟವಲ್ಲ. ದಶಲಕ್ಷಣ ಪರ್ವದಲ್ಲಿ ಅಕ್ಕತಂಗಿಯರಿಬ್ಬರೂ ಏಕಾಶನ ಹಿಡಿದರೆನ್ನೋಣ. ಅನಂತ ಚತುರ್ದಶಿ ಕಳೆದ ಮೇಲೆ ತೆಳ್ಳಗಿನವಳಿಗೆ ಮೆಚ್ಚುಗೆ ದೊರೆಯುತ್ತದೆ. ದಪ್ಪಗಿನವಳಿಗೆ ‘ಇನ್ನಾದರೂ ಬಾಯಿ ಕಟ್ಟವ್ವಾ’ ಎಂಬ ಬುದ್ಧಿವಾದ. ಮಾತು ಚಿಕ್ಕದು. ಆದರೆ ಅವಳ ವ್ರತವೇ ಸುಳ್ಳೆಂಬ ಆರೋಪ ಅದರಲ್ಲಿ ಅಡಗಿದೆ. ಈ ಆರೋಪಕ್ಕೆ ಆಧಾರವುಂಟೆ?

ಮನೆಯ ಊಟವೇ ಮೈಯನ್ನು ಕಟ್ಟುತ್ತದೆ, ಆದುದರಿಂದ ಒಡಹುಟ್ಟಿದವರಲ್ಲಿ ದಪ್ಪಗಿರುವವರು ಹೆಚ್ಚು ತಿಂದವರೇ ಸರಿ ಎಂಬುದು ಲೋಕರೂಢಿಯ ತರ್ಕ. ಇದಕ್ಕೆ ದತ್ತುಮಕ್ಕಳ ಬಾಳು ತಕ್ಕ ಒರೆಗಲ್ಲು. ಅವರಿಗೆ ರಕ್ತ ಒಂದು ಮನೆಯದು, ಅನ್ನ ಇನ್ನೊಂದು ಮನೆಯದು. 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನ 540 ಮಂದಿ ವಯಸ್ಕ ದತ್ತುಮಕ್ಕಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಆ ಮಕ್ಕಳ ಮೈಕಟ್ಟು ಹೆತ್ತವರ ಮೈಕಟ್ಟಿಗೆ ಹೊಂದುತ್ತಿತ್ತು. ಸಾಕಿದವರದರೊಡನೆ ಸಂಬಂಧವೇ ಕಾಣಲಿಲ್ಲ. 1990ರಲ್ಲಿ ಕೆನಡಾದ ಕ್ಲೋಡ್ ಬುಶಾರ್ ಮತ್ತು ಸಂಗಡಿಗರು 12 ಜೋಡಿ ಅವಳಿ ತರುಣರ ಮೇಲೆ ನಡೆದ ಪ್ರಯೋಗವನ್ನು ವರದಿ ಮಾಡಿದರು. 100 ದಿನಗಳ ಅವಧಿಯಲ್ಲಿ ಎಲ್ಲರಿಗೂ ಸಮನಾಗಿ ಹೆಚ್ಚಿನ ಆಹಾರ ಕೊಟ್ಟಾಗ ಒಬ್ಬನ ತೂಕ ಸುಮಾರು 4 ಕಿಲೋ ಏರಿತು, ಇನ್ನೊಬ್ಬನದು 13 ಕಿಲೋ. ಆದರೆ ಒಂದೇ ಜೋಡಿಯ ಅವಳಿಗಳಲ್ಲಿ ಏರಿಕೆ ಬಹುಮಟ್ಟಿಗೆ ಸಮಾನವಾಗಿತ್ತು. ಅವಳಿಗಳಲ್ಲದ ಒಡಹುಟ್ಟಿದವರು ಹುಟ್ಟುಗುಣಗಳಲ್ಲಿ ಸರಾಸರಿ ಅರ್ಧದಷ್ಟನ್ನು ಮಾತ್ರ ಹಂಚಿಕೊಂಡಿರುತ್ತಾರೆ. ಆದುದರಿಂದ ಸಮಾನ ತುತ್ತು ಉಂಡವರ ಮೈ ಅಸಮಾನವಾಗುವುದು ಅಚ್ಚರಿಯಲ್ಲ.

ಹಾಗಾದರೆ ಮನೆಯ ಸಂಸ್ಕಾರವು ವ್ಯರ್ಥವೆ? ಅಲ್ಲ. ಎಳೆತನದಲ್ಲಿ ಮನೆಯ ಊಟದ ಪ್ರಭಾವ ತಕ್ಕಮಟ್ಟಿಗೆ ಇರುತ್ತದೆ. ಪ್ರಾಯ ಬಂದಂತೆ ಅದು ಕುಗ್ಗುತ್ತದೆ. ಮೇಲಾಗಿ ಈ ಅಧ್ಯಯನಗಳು ಒಂದೇ ನಾಡಿನ ಜನರ ನಡುವಣ ವ್ಯತ್ಯಾಸವನ್ನು ಮಾತ್ರ ಅಳೆಯುತ್ತವೆ. ಜೋಳದ ರೊಟ್ಟಿ, ಕಾಳುಪಲ್ಯಗಳ ಮಲಪ್ರಭೆಯ ಸೀಮೆಯಲ್ಲಿ ಎಣ್ಣೆ, ಸಕ್ಕರೆಗಳ ಬಳಕೆ ಮನೆಮನೆಗೂ ಹೆಚ್ಚಿದರೆ ಎಲ್ಲರ ತೂಕವೂ ಏರೀತು. ಆಗಲೂ ಒಬ್ಬರಿಗೊಬ್ಬರಿಗೆ ಇರುವ ಅಂತರ ಉಳಿದೇ ಇರುತ್ತದೆ. 2007ರಲ್ಲಿ ಅರ್ಥಶಾಸ್ತ್ರಜ್ಞ ಬ್ರೂಸ್ ಸಾಸರ್ಡೋಟ್ ಅಮೆರಿಕದ ಮನೆಗಳಿಗೆ ದತ್ತು ಬಂದ ಕೊರಿಯಾದ ಮಕ್ಕಳ ವಿಷಯದಲ್ಲಿ ಕಂಡುದು ಇನ್ನೂ ವಿಚಾರಾರ್ಹ. ಸಾಕಿದವರ ಮೈಕಟ್ಟು ಆ ಮಕ್ಕಳಿಗೆ ಬರಲಿಲ್ಲ; ಆದರೆ ಸಾಕಿದವರ ಮದ್ಯಪಾನದ ಅಭ್ಯಾಸವು ಹೆತ್ತ ಮಕ್ಕಳಿಗೆ ಬಂದಷ್ಟೇ ಅವರಿಗೂ ಬಂದಿತು. ಮನೆಯು ಮೈಯನ್ನು ಕೊಡಲಾರದಿರಬಹುದು, ನಡತೆಯನ್ನು ಕೊಡಬಲ್ಲದು.

ಆಗಮದ ದೃಷ್ಟಿಯೂ ಇಲ್ಲಿ ವಿವೇಕವನ್ನು ಕಲಿಸುತ್ತದೆ. ಶರೀರದ ರಚನೆ ನಾಮಕರ್ಮದ ಫಲ. ಭೋಗದ ಆಸಕ್ತಿ ಚಾರಿತ್ರಮೋಹನೀಯದ ಫಲ. ವ್ರತವು ಇದಿರಿಸುವುದು ಎರಡನೆಯದನ್ನು. ವಿಜ್ಞಾನದ ಆನುವಂಶಿಕತೆಯೂ ನಾಮಕರ್ಮವೂ ಒಂದೇ ಎಂದು ಸಾಧಿಸಬೇಕಾಗಿಲ್ಲ. ಮೈಯನ್ನು ನೋಡಿ ಮನಸ್ಸಿನ ಸಂಯಮವನ್ನು ಅಳೆಯಲಾಗದು ಎಂಬುದರಲ್ಲಿ ಮಾತ್ರ ಎರಡೂ ಕೂಡುತ್ತವೆ.

‘ಹುಟ್ಟುಗುಣವೇ ಹೀಗಿದ್ದ ಮೇಲೆ ಸಂಯಮವೇಕೆ?’ ಎಂದು ಕೇಳುವವರಿರಬಹುದು. ಶಾಸ್ತ್ರವು ಪುರುಷರ ಪೂರ್ಣಾಹಾರವನ್ನು 32 ತುತ್ತು, ಸ್ತ್ರೀಯರದನ್ನು 28 ತುತ್ತು ಎಂದು ಎಣಿಸಿ, ಅದಕ್ಕಿಂತ ಕಡಮೆ ಉಣ್ಣುವುದನ್ನು ಅವಮೌದರ್ಯವೆಂದಿತು. ಎಣಿಕೆ ತುತ್ತಿನದು, ತೂಕದ್ದಲ್ಲ. ಹಸಿವು ಇನ್ನೂ ಬೇಡುತ್ತಿರುವಾಗ ಕೈ ತೊಳೆದವಳು ತಪಸ್ಸು ಮಾಡಿದಳು. ಅವಳ ಮೈ ಹೇಗಾದರೂ ಇರಲಿ.

ಎಚ್ಚರಿಕೆ ಬೇಕಾದದ್ದು ತೆಳ್ಳಗಿನವರಿಗೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಹೇಳಿದ ಎಂಟು ಮದಗಳಲ್ಲಿ ತಪಸ್ಸಿನ ಮದವೂ ಇದೆ, ಶರೀರದ ಮದವೂ ಇದೆ. ಹುಟ್ಟಿನಿಂದ ಬಂದ ಕೃಶತೆಯನ್ನು ತಪಸ್ಸಿನ ಗಳಿಕೆಯೆಂದು ಬಗೆದವರಿಗೆ ಎರಡೂ ಮದಗಳು ಒಮ್ಮೆಗೇ ತಗಲುತ್ತವೆ. ಒಡಹುಟ್ಟಿದವಳ ಮನಸ್ಸನ್ನು ನೋಯಿಸಿದ ಹಿಂಸೆ ಅದರ ಮೇಲೆ ಬೇರೆ. ಪಾರಣೆಯ ದಿನ ಹಿರಿಯರು ಇಬ್ಬರು ಮಕ್ಕಳಿಗೂ ಸಮನಾದ ಆದರದಿಂದ ಬಡಿಸಲಿ. ತಟ್ಟೆಯಲ್ಲಿರುವ ಅನ್ನಕ್ಕಿಂತ ಆ ಸಮಭಾವವೇ ಮನೆಯು ಮಕ್ಕಳಿಗೆ ಕೊಡಬಹುದಾದ ದೊಡ್ಡ ಆಹಾರ.