ಮುಡಿಪು

ನಮ್ಮ ಸೀಮೆಯ ಮನೆಗಳಲ್ಲಿ ಕಷ್ಟ ಒದಗಿದಾಗ ಹಿರಿಯಳಾದವಳು ಮೊದಲು ಮಾಡುವ ಕೆಲಸವೊಂದುಂಟು: ಬಿಳಿಯ ಬಟ್ಟೆಯ ಚೂರನ್ನು ಅರಿಸಿನದ ನೀರಿನಲ್ಲಿ ಅದ್ದಿ ಹಿಂಡಿ, ನಡುವೆ ನಾಣ್ಯವೊಂದನ್ನಿಟ್ಟು ಗಂಟು ಹಾಕಿ, ದೇವರ ಜಗುಲಿಯ ಮೇಲಿನ ಮೊಳೆಗೆ ತೂಗುಹಾಕುವುದು. ನ್ಯಾಮತಿಯಲ್ಲಿ ನನ್ನಜ್ಜಿ ತೀರ್ಥರಾಮೇಶ್ವರನಿಗೆಂದು ಕಟ್ಟಿದ್ದ ಅಂಥದೊಂದು ಗಂಟು, ಹಳದಿಯೆಲ್ಲ ಒಲೆಯ ಹೊಗೆಗೆ ಕಂದಿ, ದಾರದ ಸುತ್ತ ಜೇಡ ಬಲೆ ನೇಯ್ದಿದ್ದರೂ, ವರ್ಷಗಟ್ಟಲೆ ಅಲ್ಲಿಯೇ ಇತ್ತು. ಒಂದು ಬೇಸಗೆಯಲ್ಲಿ ಅಕ್ಕಿಗೆ ಕಾಸಿಲ್ಲದೆ ಆಕೆ ಸೇರು ಹಿಡಿದು ನೆರೆಮನೆಗೆ ಹೋದಳೇ ಹೊರತು ಆ ಗಂಟಿಗೆ ಕೈ ಹಚ್ಚಲಿಲ್ಲ. ಅದು ಮನೆಯೊಳಗಿದ್ದರೂ ಮನೆಯದಾಗಿರಲಿಲ್ಲ.

ದೇಶವೂ ಒಮ್ಮೆ ಇಂಥದೊಂದು ಮುಡಿಪನ್ನು ಕಟ್ಟಿತ್ತು. 2010ರಲ್ಲಿ ಕೇಂದ್ರ ಸರಕಾರವು ಟನ್ನು ಕಲ್ಲಿದ್ದಲಿಗೆ 50 ರೂಪಾಯಿಯಂತೆ ಉಪಕರವನ್ನು ವಿಧಿಸಿ, ಸ್ವಚ್ಛವಾದ ಶಕ್ತಿಯ ಸಾಧನೆಗೆಂದೇ ಅದನ್ನು ರಾಷ್ಟ್ರೀಯ ನಿಧಿಯೊಂದರಲ್ಲಿ ತೆಗೆದಿರಿಸುವುದಾಗಿ ಮಾತು ಕೊಟ್ಟು, 2016ರ ಹೊತ್ತಿಗೆ ಆ ಕರವನ್ನು 400 ರೂಪಾಯಿಗೆ ಏರಿಸಿತು. ಕೂಡಿದ್ದು 86 ಸಾವಿರ ಕೋಟಿ ರೂಪಾಯಿಗೂ ಮಿಗಿಲು. ನಿಧಿಗೆ ಸಂದದ್ದು 30 ಸಾವಿರ ಕೋಟಿಗೂ ಕಡಿಮೆ. ಯೋಜನೆಗಳಿಗೆ ದೊರೆತದ್ದು ಅದರಲ್ಲಿಯೂ ಹೆಚ್ಚುಕಡಿಮೆ ಅರ್ಧ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ಅದೇ 400 ರೂಪಾಯಿ ರಾಜ್ಯಗಳ ವರಮಾನದ ಕೊರತೆಯನ್ನು ತುಂಬುವ ಪರಿಹಾರವೆಂಬ ಹೆಸರನ್ನು ತಳೆಯಿತು; 2025ರ ಸೆಪ್ಟೆಂಬರಿನಲ್ಲಿ, ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇಕಡ 5ರಿಂದ 18ಕ್ಕೆ ಏರಿಸಿ, ಉಪಕರವನ್ನೇ ತೆಗೆದುಹಾಕಲಾಯಿತು.

ಬಿಚ್ಚಿದ ಮುಡಿಪಿಗೆ ಒಡೆಯರಾರು ಎಂಬುದೇ ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ. ಕೌಟಿಲ್ಯನು ಬಾಲಕನ ಸ್ವತ್ತನ್ನು ಅವನು ವ್ಯವಹಾರಯೋಗ್ಯನಾಗುವವರೆಗೆ ಗ್ರಾಮವೃದ್ಧರು ಕಾದು ಬೆಳೆಸಬೇಕೆಂದು ವಿಧಿಸುವಾಗ, ಅದೇ ಉಸಿರಿನಲ್ಲಿ ದೇವದ್ರವ್ಯವನ್ನೂ ಸೇರಿಸಿದ್ದಾನೆ. ದೇವರನ್ನೂ ಮಗುವನ್ನೂ ಹೀಗೆ ಜೊತೆಗಿರಿಸಿದ್ದು ನನಗೆ ಬಹಳ ದೊಡ್ಡ ವಿವೇಕವೆಂದು ತೋರುತ್ತದೆ; ಏಕೆಂದರೆ ಇಬ್ಬರೂ ತಮ್ಮ ಹಕ್ಕನ್ನು ಕೇಳಲು ಕಚೇರಿಯ ಬಾಗಿಲಿಗೆ ಬರಲಾರರು. ಇನ್ನೂ ಹುಟ್ಟದವರ ಆಕಾಶದ ಹೆಸರಿನಲ್ಲಿ ಕೂಡಿದ ಹಣವು ಬಾಲಕನ ಸ್ವತ್ತೂ ಹೌದು, ದೇವರ ಸ್ವತ್ತೂ ಹೌದು. ಆದರೆ ಕಲ್ಲಿದ್ದಲಿನ ಒಡೆಯರು ಬಾಗಿಲಿಗೆ ಬರಬಲ್ಲರು.

2024ರ ಫೆಬ್ರವರಿ 15ರಂದು ನಾನು ಸೂರಗೊಂಡನಕೊಪ್ಪದಲ್ಲಿ, ಲಂಬಾಣಿಗಳ ಗುರುವಾದ ಸಂತ ಸೇವಾಲಾಲರ ಜಯಂತಿಯ ಜಾತ್ರೆಯಲ್ಲಿದ್ದೆ. ನನ್ನ ಮುಂದಿದ್ದ ಮುದುಕಿಯೊಬ್ಬಳು ನೋಟನ್ನು ನಾಲ್ಕಾಗಿ ಮಡಿಸಿ, ಮುಷ್ಟಿಯಲ್ಲಿ ಬಿಗಿಹಿಡಿದು, ಎಷ್ಟೆಂದು ಯಾರಿಗೂ ಕಾಣದಂತೆ ಹುಂಡಿಗೆ ಬಿಟ್ಟು, ಕಣ್ಣಿಗೆ ಕೈ ಒತ್ತಿಕೊಂಡು ಸರಿದು ಹೋದಳು. ಅದೇ ದಿನ ಸರ್ವೋಚ್ಚ ನ್ಯಾಯಾಲಯವು, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ಹಣ ಕೊಡಲು ಬಳಸುತ್ತಿದ್ದ ಚುನಾವಣಾ ಬಾಂಡುಗಳನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿದ ಸುದ್ದಿ ಬಂದಿತು. ಗುಪ್ತದಾನವನ್ನು ಶ್ರೇಷ್ಠವೆಂದೇ ನಂಬಿ ಬೆಳೆದ ನಾವು ಇಲ್ಲಿ ಎಚ್ಚರದಿಂದ ಯೋಚಿಸಬೇಕು. ಆ ಮುದುಕಿ ತನ್ನ ಕೊಡುಗೆಯನ್ನು ಮರೆಮಾಡಿದ್ದು ತನಗೆ ಹೆಸರು ಬಾರದಿರಲೆಂದು. ಬಾಂಡು ಮರೆಮಾಡಿದ್ದು ಪ್ರಜೆಗಳಿಂದ, ಕೊಟ್ಟವರಾರೆಂಬುದು ಪಡೆದವನಿಗೆ ತಿಳಿಯದಿರಲೆಂದಲ್ಲ. ಕಂಪನಿಗಳು ಪಕ್ಷಗಳಿಗೆ ಕೊಡಬಹುದಾದ ಹಣಕ್ಕಿದ್ದ, ಲಾಭದ ಶೇಕಡ ಏಳೂವರೆಯ ಮಿತಿಯನ್ನು ತೆಗೆದದ್ದೂ 2017ರಲ್ಲಿಯೇ. ಬಾಂಡು ಕೊಂಡವರ ಪಟ್ಟಿ ಹೊರಬಿದ್ದಾಗ, ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಹಲ್ದಿಯಾ ಎನರ್ಜಿ ಸಂಸ್ಥೆಯು 377 ಕೋಟಿ ರೂಪಾಯಿಯ ಬಾಂಡುಗಳನ್ನು ಕೊಂಡಿದ್ದುದು ಕಂಡಿತು. ಅದಕ್ಕೂ ಯಾವುದೇ ನಿರ್ಣಯಕ್ಕೂ ನಂಟಿತ್ತೆಂದು ಪಟ್ಟಿ ಹೇಳುವುದಿಲ್ಲ, ನಾನೂ ಹೇಳೆ. ಆದರೆ ಇಂಥ ನಂಟನ್ನು ಕೇಳುವ ಹಕ್ಕೇ ಆರು ವರ್ಷ ನಮಗಿರಲಿಲ್ಲ.

ಕಲ್ಲಿದ್ದಲನ್ನು ನಂಬಿದ ಕೂಲಿಗಳ ಗತಿಯೇನೆಂಬ ಮಾತು ಕಲ್ಲಿದ್ದಲಿನ ಒಡೆಯರ ಕಡೆಯಿಂದ ಬರುತ್ತದೆ. ಆ ದುಃಖ ಸುಳ್ಳಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ಸೇವಾಲಾಲರ ಜನ ಹೇರೆತ್ತುಗಳ ಮೇಲೆ ಉಪ್ಪು ದವಸಗಳನ್ನು ನಾಡಿನುದ್ದಕ್ಕೂ ಸಾಗಿಸಿದವರು. ಇದೇ ಕಲ್ಲಿದ್ದಲನ್ನು ಉರಿಸುವ ರೈಲು ಬಂದು ಅವರ ಕಾಯಕವನ್ನು ಕಿತ್ತುಕೊಂಡಾಗ ಅವರಿಗೆಂದು ಯಾರೂ ಕಾಸಿನ ಮುಡಿಪು ಕಟ್ಟಲಿಲ್ಲ. ಆ ಅನ್ಯಾಯ ಗಣಿಯ ಕೂಲಿಗೆ ಮರುಕಳಿಸಬಾರದು, ಮತ್ತು ಅದಕ್ಕೆ ಬೇಕಾಗಿದ್ದ ಹಣವೂ ಆ ಗಂಟಿನಲ್ಲಿಯೇ ಇತ್ತು.

ದೂರದ ದಿಲ್ಲಿಯನ್ನು ದೂರಿ ಮುಗಿಸಿದರೆ ನಾನು ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಪರಿಹಾರವಾಗಿ ರಾಜ್ಯಗಳಿಗೆ ಹಂಚಿದ ಆ ಹಣದಲ್ಲಿ ಕರ್ನಾಟಕಕ್ಕೂ ಪಾಲು ಬಂದಿದೆ; ತನ್ನ ನೆಲದಲ್ಲಿ ಕಲ್ಲಿದ್ದಲಿನ ಒಂದು ಗಣಿಯೂ ಇಲ್ಲದ ನಮ್ಮ ರಾಜ್ಯ 1985ರಿಂದ ಪರನಾಡಿನ ಕಲ್ಲಿದ್ದಲನ್ನು ರಾಯಚೂರಿನಲ್ಲಿ ಉರಿಸುತ್ತಿದೆ; ಚನ್ನಗಿರಿಯ ಅಡಕೆ ತೋಟದ ಪಂಪು ತಿರುಗಿದಾಗ ಆ ಬೆಂಕಿಯ ಪಾಲು ಎಷ್ಟೆಂದು ನಾವಾರೂ ಕೇಳಿದವರಲ್ಲ. ದೇವರ ಗಂಟನ್ನು ಬಿಚ್ಚಿ ಉಂಡ ಮನೆಯಲ್ಲಿ ನಾವೂ ಎಲೆ ಹಾಕಿಸಿಕೊಂಡು ಕುಳಿತವರೇ.

ಮುಡಿಪನ್ನು ಬಳಸಿದವರು ತಪ್ಪುಕಾಣಿಕೆಯನ್ನು ಸೇರಿಸಿ ಹಿಂದಕ್ಕೆ ಒಪ್ಪಿಸಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ. ಅದನ್ನು ಒಪ್ಪಿಸುವ ಸ್ಥಳವನ್ನು ಹುಡುಕಬೇಕಾಗಿಲ್ಲ. ಮಳೆ ಮುನಿದ ಜಗಳೂರಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ, ಜನ ಅವನ್ನು ಫ್ಯಾನು ಎನ್ನುತ್ತಾರೆ; ಹೊನ್ನಾಳಿಯನ್ನು ಹಾದು ಹರಿಯುವ ತುಂಗಭದ್ರೆಯ ನೀರನ್ನು ಎತ್ತಿ ಜಗಳೂರು ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆಗೆ ಸಿರಿಗೆರೆಯ ಶ್ರೀಗಳು ಬೆನ್ನಾಗಿ ನಿಂತರು. ಆ ಏತಪಂಪುಗಳು ಕಲ್ಲಿದ್ದಲಿನ ಹಂಗಿಲ್ಲದೆ ಆ ಸೀಮೆಯದೇ ಗಾಳಿ ಬಿಸಿಲುಗಳಿಂದ ನಡೆಯಲು ತಗಲುವ ವೆಚ್ಚವನ್ನು, ಅದು ಎಷ್ಟೇ ಆಗಲಿ, ತಪ್ಪುಕಾಣಿಕೆಯ ಮೊದಲ ಕಂತೆಂದು ರಾಜ್ಯವು ತನ್ನ ಮುಂದಿನ ಆಯವ್ಯಯದಲ್ಲಿ ಬರೆಯಲಿ.